ಅಣ್ಣ ತೊಟ್ಟ ಕೆಂಪು ಅಂಗಿ

2023ರ ರಗ್ಬಿ ವಿಶ್ವಕಪ್‌ನಲ್ಲಿ, ಫ್ರಾನ್ಸಿನ ನಾಂಟ್ ನಗರದಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟೋಂಗಾ ಮತ್ತು ಐರ್ಲೆಂಡ್ ಆಡಿದ ಪಂದ್ಯವನ್ನು ನಡುರಾತ್ರಿಯಲ್ಲಿ ಎದ್ದು ಕುಳಿತು ನೋಡಿದೆ. ಟೋಂಗಾ 59-16ರಿಂದ ಸೋತಿತು. ಆದರೂ ಕೊನೆಯ ಸೀಟಿಯವರೆಗೆ ಕದಲದೆ ಕೂತಿದ್ದೆ, ಏಕೆಂದರೆ ಟೋಂಗಾದ ಕೆಂಪು ಅಂಗಿ ತೊಟ್ಟು, ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಫುಲ್‌ಬ್ಯಾಕ್ ಸ್ಥಾನದಲ್ಲಿ ಆಡಲು ಬಂದಿದ್ದವರು ಚಾರ್ಲ್ಸ್ ಪಿಯುಟಾವ್.

ಟೋಂಗಾ ಮೂಲದ ತಂದೆತಾಯಿಯ ಹತ್ತು ಮಕ್ಕಳಲ್ಲಿ ಕೊನೆಯವರಾಗಿ 1991ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್, 2013ರ ಜೂನ್‌ನಲ್ಲಿ ಫ್ರಾನ್ಸ್ ವಿರುದ್ಧ ನ್ಯೂಜಿಲೆಂಡಿನ ಕಪ್ಪು ಅಂಗಿ ತೊಟ್ಟರು ಮತ್ತು ಒಟ್ಟು 17 ಟೆಸ್ಟ್‌ಗಳನ್ನು, ಅಂದರೆ ದೇಶ ದೇಶಗಳ ನಡುವಿನ ಪಂದ್ಯಗಳನ್ನು, ಆಡಿದರು. 2015ರಲ್ಲಿ ಅವರು ಉತ್ತರ ಐರ್ಲೆಂಡಿನ ಅಲ್ಸ್ಟರ್ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಂಡರು. ತನ್ನ ನೆಲದಲ್ಲಿ ಆಡುವವರನ್ನು ಮಾತ್ರ ನ್ಯೂಜಿಲೆಂಡ್ ರಾಷ್ಟ್ರೀಯ ತಂಡಕ್ಕೆ ಆರಿಸುತ್ತದೆ. ಆ ವರ್ಷದ ವಿಶ್ವಕಪ್ ತಂಡದಲ್ಲಿ ಚಾರ್ಲ್ಸ್ ಹೆಸರಿರಲಿಲ್ಲ, ಕಪ್ಪನ್ನು ಅವರ ಜೊತೆಗಾರರು ಗೆದ್ದರು. ವಾಸ್ಪ್ಸ್, ಅಲ್ಸ್ಟರ್, ಬ್ರಿಸ್ಟಲ್ ಕ್ಲಬ್ಬುಗಳಲ್ಲಿ ಅವರು ಸೊಗಸಾಗಿ ಆಡಿದರು, ಚೆನ್ನಾಗಿ ಸಂಪಾದಿಸಿದರು. ದುಡ್ಡಿನ ಹಿಂದೆ ಹೋದರೆಂದು ದೂರುವವರ ಮಾತನ್ನು ನಾನು ಒಪ್ಪಲಾರೆ. ದಿನವೂ ಪೆಟ್ಟು ತಿನ್ನುವ ಆ ದೇಹ ದುಡಿಯುವುದು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ.

ನನ್ನನ್ನು ಕಾಡುವುದು ಬೇರೆಯೇ ಸಂಗತಿ. ಅವರಿಗಿಂತ ಆರು ವರ್ಷ ದೊಡ್ಡವರಾದ ಅಣ್ಣ ಸಿಯಾಲೆ ಟೋಂಗಾದ ಆಟಗಾರರಾಗಿದ್ದರು. 2018ರಿಂದ ಅಣ್ಣತಮ್ಮಂದಿರಿಬ್ಬರೂ ಬ್ರಿಸ್ಟಲ್‌ನಲ್ಲಿ ಒಂದೇ ಕ್ಲಬ್ಬಿನವರು. ಆದರೆ 2019ರಲ್ಲಿ ಸಿಯಾಲೆ ನಾಯಕರಾಗಿ ಟೋಂಗಾವನ್ನು ಜಪಾನಿನ ವಿಶ್ವಕಪ್‌ಗೆ ಕರೆದೊಯ್ದಾಗ, ತಮ್ಮ ಆ ತಂಡವನ್ನು ಸೇರುವಂತಿರಲಿಲ್ಲ. ಒಮ್ಮೆ ಒಂದು ದೇಶಕ್ಕೆ ಆಡಿದವನು ಕೊನೆಯವರೆಗೂ ಅದಕ್ಕೇ ಸೇರಿದವನು ಎಂಬ ನಿಯಮವಿತ್ತು. ಒಲಿಂಪಿಕ್ಸ್‌ನ ಏಳು ಮಂದಿಯ ರಗ್ಬಿಯ ಮೂಲಕ ಒಂದು ಇಕ್ಕಟ್ಟಾದ ಸಂದಿಯನ್ನು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ನ್ಯೂಜಿಲೆಂಡ್ ಕರೆಯುತ್ತಿಲ್ಲ, ಟೋಂಗಾ ಕರೆಯುವಂತಿಲ್ಲ. ಇಪ್ಪತ್ಮೂರರಿಂದ ಮೂವತ್ತರವರೆಗಿನ ಆ ಅಮೂಲ್ಯ ವಯಸ್ಸು ಯಾವ ದೇಶಕ್ಕೂ ದಕ್ಕದೆ ಕಳೆಯಿತು.

2021ರ ನವೆಂಬರ್‌ನಲ್ಲಿ ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿ ಈ ನಿಯಮವನ್ನು ಸಡಿಲಿಸಿತು. ಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರವಿದ್ದ ಆಟಗಾರ, ತಾನು ಅಥವಾ ತನ್ನ ತಂದೆತಾಯಿ, ಅಜ್ಜಅಜ್ಜಿಯರಲ್ಲೊಬ್ಬರು ಹುಟ್ಟಿದ ದೇಶಕ್ಕೆ ಜೀವನದಲ್ಲಿ ಒಮ್ಮೆ ಮಾತ್ರ ಬದಲಾಗಬಹುದು. ದೊಡ್ಡ ದೇಶಗಳು ಬೇಡವೆಂದು ಬಿಟ್ಟವರು ಸಣ್ಣ ದೇಶಗಳ ಎಳೆಯರ ಜಾಗ ಕಬಳಿಸುತ್ತಾರೆಂಬ ಆಕ್ಷೇಪವೂ ಎದ್ದಿತು. ಆದರೆ ಸುಮಾರು 1 ಲಕ್ಷ ಜನರ ಟೋಂಗಾದಿಂದ ಎಷ್ಟೋ ದಶಕಗಳಿಂದ ಆಟಗಾರರು ಹೊರಗೇ ಹರಿದು ಹೋಗಿದ್ದರು. 2023ರಲ್ಲಿ ಟೋಂಗಾದ ತರಬೇತುದಾರರಾಗಿದ್ದ ಟೌಟೈ ಕೆಫು ಅಲ್ಲಿಯೇ ಹುಟ್ಟಿ, 1999ರ ವಿಶ್ವಕಪ್ಪನ್ನು ಆಸ್ಟ್ರೇಲಿಯಾಕ್ಕಾಗಿ ಗೆದ್ದವರು. ನ್ಯೂಜಿಲೆಂಡಿನ 2015ರ ವಿಜಯಿ ತಂಡದಲ್ಲಿದ್ದ ಮಲಕಾಯ್ ಫೆಕಿಟೋವಾ ಕೂಡ ಟೋಂಗಾದಲ್ಲಿ ಹುಟ್ಟಿದವರೇ. ನಾಂಟ್‌ನಲ್ಲಿ ಅವರೂ ಕೆಂಪು ಅಂಗಿಯಲ್ಲಿದ್ದರು. ಹೋದವರಲ್ಲಿ ಕೆಲವರಾದರೂ ಮರಳಿ ಬಂದರೆ ಅದನ್ನು ಪಕ್ಷಾಂತರವೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

2022ರ ಜುಲೈನಲ್ಲಿ ಚಾರ್ಲ್ಸ್ ಟೋಂಗಾಕ್ಕೆ ಮೊದಲ ಬಾರಿ ಆಡಿದರು. ಒಂದು ಕಾಲದಲ್ಲಿ ಪಂದ್ಯಕ್ಕೆ ಮುನ್ನ ನ್ಯೂಜಿಲೆಂಡಿನ ಯುದ್ಧನೃತ್ಯವಾದ ಹಾಕಾ ಕುಣಿದವರು ಈಗ ಟೋಂಗಾದ ಅಂಥದೇ ನೃತ್ಯ ಸಿಪಿ ಟಾವ್ ಕುಣಿಯುವ ಸಾಲಿನಲ್ಲಿ ನಿಂತರು. ಆ ಸಾಲಿನಲ್ಲಿ ಸಿಯಾಲೆ ಇರಲಿಲ್ಲ. 2019ರ ವಿಶ್ವಕಪ್‌ನೊಂದಿಗೆ ಅವರು ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾಗಿದ್ದರು.