ಗಾಜಿನ ಪೆಟ್ಟಿಗೆ ಅಪ್‌ಡೇಟ್: ಅಲಸಂದೆಗೆ ಗಂಟು ಬಂತು, ಟೊಮೆಟೊ ಬಾಡಿತು

ಅಲಸಂದೆ ಬೇರಿನಲ್ಲಿ ಕೊನೆಗೂ ಗಂಟುಗಳು ಕಾಣಿಸಿವೆ!

ಹೊಸದಾಗಿ ಓದುತ್ತಿರುವವರಿಗೆ ಸೆಟಪ್ ಹೇಳಿಬಿಡುತ್ತೇನೆ. ಮೂರು ಪೆಟ್ಟಿಗೆ, ಪ್ರತಿಯೊಂದಕ್ಕೂ ಒಂದು ಬದಿ ಗಾಜು. ಗಾಜಿನ ಬದಿ ಕೆಳಗೆ ಬರುವಂತೆ ಓರೆಯಾಗಿ ನಿಲ್ಲಿಸಿದರೆ, ಬೇರು ನೆಟ್ಟಗೆ ಇಳಿಯಲು ಹೋಗಿ ಗಾಜಿಗೇ ಅಂಟಿಕೊಂಡು ಬೆಳೆಯುತ್ತದೆ. ಬೆಳಕು ತಾಗದಂತೆ ಕಪ್ಪು ಕಾಗದ ಮುಚ್ಚಿದ್ದೇನೆ, ನೋಡಬೇಕಾದಾಗ ಸರಿಸಿದರೆ ಆಯ್ತು. ಒಳಗೆ ಕುಕ್ಕರ್‌ನಲ್ಲಿ ಬೇಯಿಸಿದ ಮರಳು, ಸಾರಜನಕ ಬಿಟ್ಟು ಉಳಿದ ಪೋಷಕಾಂಶಗಳೆಲ್ಲ ಇರುವ ನೀರು. ಒಂದನೇ ಪೆಟ್ಟಿಗೆಗೆ ಬ್ಯಾಕ್ಟೀರಿಯಾ ಹಾಕಿಲ್ಲ. ಎರಡನೆಯದರಲ್ಲಿ ಬೀಜಕ್ಕೆ ರೈಜೋಬಿಯಂ ಕಲ್ಚರ್ ಸವರಿ ಬಿತ್ತಿದೆ, ಅಂದರೆ ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ. ಮೂರನೆಯದಕ್ಕೆ ಕಲ್ಚರ್ ಜೊತೆಗೆ ನೀರಿನಲ್ಲಿ ನೈಟ್ರೇಟ್ (ಬೇರು ನೇರವಾಗಿ ಹೀರಬಲ್ಲ ಸಾರಜನಕ) ಕೂಡ ಕೊಡುತ್ತಿದ್ದೇನೆ.

ಒಂದರಲ್ಲಿ ಗಂಟೂ ಇಲ್ಲ, ಎಲೆಗಳು ಬುಡದಿಂದ ಹಳದಿಯಾಗುತ್ತಾ ಬರುತ್ತಿವೆ. ಎರಡರಲ್ಲಿ ತಾಯಿಬೇರಿನ ಮೇಲ್ಭಾಗದಲ್ಲೇ ಗಂಟುಗಳು ಗುಂಪಾಗಿವೆ. ಮೂರರಲ್ಲಿ ಗಿಡ ಎಲ್ಲಕ್ಕಿಂತ ಸೊಂಪಾಗಿದೆ, ಆದರೆ ಗಂಟು ಇಲ್ಲವೆನ್ನುವಷ್ಟು ಕಡಿಮೆ. ಇದು ನಿರೀಕ್ಷಿತವೇ. ಗಾಳಿಯ ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಕನಿಷ್ಠ 16 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಬೇಕು, ಅದಕ್ಕೆ ಸಕ್ಕರೆ ಒದಗಿಸಬೇಕಾದದ್ದು ಗಿಡ. ನೈಟ್ರೇಟ್ ಸುಮ್ನೆ ಸಿಗುತ್ತಿರುವಾಗ ಅಷ್ಟು ಖರ್ಚು ಮಾಡಿ ಬಾಡಿಗೆದಾರರನ್ನು ಯಾಕೆ ಸಾಕಬೇಕು, ಅಲ್ವಾ?

ಎರಡನೇ ಪೆಟ್ಟಿಗೆಯಿಂದ ಒಂದು ಗಿಡ ಕಿತ್ತು, ಗಂಟುಗಳನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಅಪ್ಪಟ ಗುಲಾಬಿ, ಬೆರಳಿಗೂ ಅಂಟಿತು. ಆ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ನೆಂಟ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಆದರೆ ಬ್ಯಾಕ್ಟೀರಿಯಾಗೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಪ್ರೋಟೀನು ಅದನ್ನು ಹಿಡಿದಿಟ್ಟು ಅಳತೆಯಲ್ಲಿ ಒಳಗೆ ಬಿಡುತ್ತದೆ. ಒಂದೆರಡು ಗಂಟುಗಳ ಒಳಗೆ ಮಾತ್ರ ಬಿಳಿ ಇತ್ತು. ಅವು ಇನ್ನೂ ಎಳೆಯವು ಇರಬಹುದು, ಇಲ್ಲವೇ ಕೆಲಸ ಮಾಡದೆ ಕೂತು ತಿನ್ನುವವು.

ಕೂತು ತಿನ್ನುವವರನ್ನು ಗಿಡ ಸುಮ್ಮನೆ ಬಿಡುವುದಿಲ್ಲ. 2003ರಲ್ಲಿ ಪ್ರಕಟವಾದ ಸೋಯಾ ಪ್ರಯೋಗವೊಂದರಲ್ಲಿ, ಗಂಟುಗಳ ಸುತ್ತಲಿನ ಗಾಳಿಯಲ್ಲಿದ್ದ ಸಾರಜನಕ ತೆಗೆದು ಅದರ ಜಾಗಕ್ಕೆ ಆರ್ಗಾನ್ ತುಂಬಿದರು. ಬ್ಯಾಕ್ಟೀರಿಯಾ ಬಯಸಿದರೂ ಕೆಲಸ ಮಾಡಲು ಆಗದ ಸ್ಥಿತಿ. ಗಿಡ ಆ ಗಂಟುಗಳಿಗೆ ಆಮ್ಲಜನಕ ಕಡಿಮೆ ಮಾಡಿತು, ಒಳಗಿದ್ದವು ಅಷ್ಟಾಗಿ ಹೆಚ್ಚಲೂ ಇಲ್ಲ. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಪ್ರಯೋಗ ಇದು.

ಒಳಗೆ ಬಿಡುವ ಮುಂಚೆಯೂ ತಪಾಸಣೆ ಇದೆ. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಸೂಸುತ್ತದೆ, ಅದಕ್ಕೆ ರೈಜೋಬಿಯಂ ನಾಡ್ ಫ್ಯಾಕ್ಟರ್ ಎಂಬ ತನ್ನ ರಾಸಾಯನಿಕ ಸಂಕೇತ ಕಳಿಸಿ ಉತ್ತರಿಸುತ್ತದೆ. ಉತ್ತರ ಹೊಂದಿದರೆ ಬೇರುರೋಮ ಕೊಕ್ಕೆಯಂತೆ ಬಾಗಿ ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ. ಸಾಧಾರಣ ಮೈಕ್ರೋಸ್ಕೋಪಿನಲ್ಲೂ ಈ ಕೊಕ್ಕೆ ಕಾಣುತ್ತದೆ, ಒಂದು ಚೆನ್ನಾಗಿ ಸಿಕ್ಕಿದೆ. ಅಕ್ಕಪಕ್ಕದ ರೋಮಗಳೆಲ್ಲ ನೆಟ್ಟಗಿವೆ, ಇದೊಂದರ ತುದಿ ಮಾತ್ರ ಪೂರ್ತಿ ಸುತ್ತಿಕೊಂಡಿದೆ.

ಈ ಕರೆ ಕೇಳಿ ಬರುವವರೆಲ್ಲ ಒಳ್ಳೆಯವರೇ ಆಗಿರಬೇಕಿಲ್ಲ. ರೈಜೋಬಿಯಂ ಕುಟುಂಬದಲ್ಲೇ ಅಗ್ರೋಬ್ಯಾಕ್ಟೀರಿಯಂ ಇದೆ. ಅದು ಗಾಯವಾದ ಬೇರಿನಿಂದ ಬರುವ ಫಿನಾಲ್‌ಗಳ ಜಾಡು ಹಿಡಿದು ಬಂದು, ತನ್ನ ಡಿಎನ್‌ಎ ತುಂಡೊಂದನ್ನು ಗಿಡದ ಜೀವಕೋಶಕ್ಕೆ ಸೇರಿಸಿ ಗಡ್ಡೆ ಎಬ್ಬಿಸುತ್ತದೆ. ಕಲ್ಚರ್ ಪೊಟ್ಟಣದ ಮೇಲೆ ‘ಮಿತ್ರ ಬ್ಯಾಕ್ಟೀರಿಯಾ’ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದು ನೋಡಿದಾಗೆಲ್ಲ ನನಗೆ ಈ ನೆಂಟಸ್ತಿಕೆ ನೆನಪಾಗುತ್ತದೆ.

ಈಗ ಟೊಮೆಟೊ. ಅದು ಪೆಟ್ಟಿಗೆಯದಲ್ಲ, ಹೋಲಿಸಿ ನೋಡಲು ತೋಟದ ಮಣ್ಣು ತುಂಬಿ ಇಟ್ಟಿದ್ದ ಕುಂಡದ್ದು. ಎಲೆ ಹಸಿರಾಗಿಯೇ ಇದ್ದು ಜೋತುಬಿತ್ತು, ನೀರು ಹಾಕಿದರೂ ಏಳಲಿಲ್ಲ. ಬುಡದ ಹತ್ತಿರ ಕಾಂಡದ ತುಂಡು ಕತ್ತರಿಸಿ, ಲೋಟದ ತಿಳಿನೀರಿಗೆ ತುದಿ ಮಾತ್ರ ತಾಗುವಂತೆ ತೂಗಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೇರ ಕೆಳಗಿಳಿಯಿತು. ಬ್ಯಾಕ್ಟೀರಿಯಾ ಸೊರಗು, ಅಂದರೆ ರಾಲ್ಸ್ಟೋನಿಯಾ ಕೆಲಸ ಅನ್ನಲು ಇದು ಒಳ್ಳೆಯ ಗುರುತು. ಅದು ಬೇರಿನ ಗಾಯಗಳಲ್ಲಿ, ಪಕ್ಕಬೇರು ಸೀಳಿಕೊಂಡು ಹೊರಬರುವ ಬಿರುಕುಗಳಲ್ಲಿ ನುಗ್ಗುತ್ತದೆ. ನಾಡ್ ಫ್ಯಾಕ್ಟರ್ ಗೀಕ್ಟರ್ ಏನೂ ಬೇಕಿಲ್ಲ. ನೀರಿನ ನಾಳ ಸೇರಿ, ಅಲ್ಲಿ ಹೆಚ್ಚಿ, ಲೋಳೆ ತುಂಬಿ ದಾರಿ ಕಟ್ಟಿಬಿಡುತ್ತದೆ. ಬೇರುಗಳು ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಿನ 22 ಅಮೈನೋ ಆಮ್ಲಗಳ ತುಣುಕೊಂದನ್ನು ಗುರುತು ಹಿಡಿದು ರಕ್ಷಣೆ ಶುರುಮಾಡುತ್ತವೆ, ಆದರೆ ರಾಲ್ಸ್ಟೋನಿಯಾದಲ್ಲಿ ಆ ತುಣುಕು ಬದಲಾಗಿರುವುದರಿಂದ ಟೊಮೆಟೊ ಆ ಗುರುತಿನಿಂದ ಅದನ್ನು ಹಿಡಿಯಲಾರದು. ತಮಾಷೆ ಏನೆಂದರೆ ರೈಜೋಬಿಯಂನಲ್ಲೂ ಅದೇ ತುಣುಕು ಬೇರೆ ಥರ ಇದೆ.

ಗಿಡ ಸುಟ್ಟಾಯ್ತು. ಬ್ಲೇಡು, ಲೋಟ, ಆ ನೀರು, ಕುಂಡದ ಮಣ್ಣು ಎಲ್ಲವನ್ನೂ ಕುಕ್ಕರ್‌ಗೆ ಹಾಕಿ ಬೇಯಿಸಿದೆ. ರಾಲ್ಸ್ಟೋನಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅಲಸಂದೆ ಪೆಟ್ಟಿಗೆಗಳ ಹತ್ತಿರ ಬರುವುದು ಬೇಡ.

ಮುಂದಿನದು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ. ಸುತ್ತಲಿನ ಕಬ್ಬಿಣವನ್ನೆಲ್ಲ ತಾನೇ ಬಾಚಿಕೊಂಡು ಬೇರೆ ಸೂಕ್ಷ್ಮಜೀವಿಗಳನ್ನು ಹಸಿವಿನಲ್ಲಿಡುವ ಜಾತಿ ಇದು. ಕಬ್ಬಿಣ ಹಿಡಿಯುವ ಅದರ ಹಳದಿ-ಹಸಿರು ವಸ್ತು ಯುವಿ ಬೆಳಕಿನಲ್ಲಿ ಹೊಳೆಯುತ್ತದೆ. ಹೊಸ ಟೊಮೆಟೊ ಸಸಿಗಳ ಬೇರನ್ನು ಕಲ್ಚರ್‌ನಲ್ಲಿ ಅದ್ದಿ ನೆಟ್ಟಿದ್ದೇನೆ. ಬೇರು ಗಾಜಿಗೆ ತಲುಪಿದ ಮೇಲೆ ತುದಿಯೊಂದನ್ನು ಕಿಂಗ್ಸ್ ಬಿ ಅಗಾರ್ ತಟ್ಟೆಗೆ (ಈ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಒತ್ತಿ, ಯುವಿ ಟಾರ್ಚ್ ಹಾಕಿ, ಬುಡದಿಂದ ತುದಿಯವರೆಗೂ ಅದು ಬೇರಿನ ಜೊತೆ ಹೋಗಿದೆಯೋ ಇಲ್ಲ ಅದ್ದಿದ ಜಾಗದಲ್ಲೇ ಕೂತಿದೆಯೋ ನೋಡಬೇಕು.