ಅವರಿಗೆ ಆಮೇಲೆ ನಿದ್ದೆ ಬಂತಂತಾ?

ಶನಿವಾರದಿಂದ ಇದೊಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಪಾತ್ರೆ ತೊಳೆಯುವಾಗ, ಮಗಳಿಗೆ ಜಡೆ ಹಾಕುವಾಗ, ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ಸುಮ್ನೆ ಕೂತಿರುವಾಗ. ಕೇಳಿದ್ದು ನಮ್ಮತ್ತೆ. ಕೇಳಿದ್ದು ನ್ಯೂ ಹ್ಯಾಂಪ್‌ಶೈರಿನ ಲಿಂಕನ್ ಅನ್ನೋ ಪುಟ್ಟ ಊರಿನ ಪೆಟ್ರೋಲ್ ಬಂಕಿನ ಮುಂದೆ, ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಕುಡಿಯುತ್ತಾ.

ಎಲೆಗಳ ಬಣ್ಣ ನೋಡೋಕೆ ಅಂತ ಹೊರಟಿದ್ದು. ಅತ್ತೆ ತೀರ್ಥಹಳ್ಳಿ ಕಡೆಯಿಂದ ಬಂದು ಎರಡು ತಿಂಗಳಾಯಿತು. ಇಷ್ಟು ದಿನ ಬಾಸ್ಟನ್ ಹತ್ತಿರದ ನಮ್ಮ ಮನೆಯಲ್ಲೇ ಕೂತು ಅವರಿಗೂ ಬೇಜಾರು. ಲಾಂಗ್ ವೀಕೆಂಡಿಗೆ ನ್ಯೂಜೆರ್ಸಿಯಿಂದ ಮೈದುನನೂ ಬಂದಿದ್ದ. ಅವನು ಬಂದರೆ ಮನೆಯಲ್ಲಿ ವಾದ ಗ್ಯಾರಂಟಿ. ಅಣ್ಣ ತಮ್ಮ ಇಬ್ಬರೂ ಸೇರಿದರೆ ಒಂದು ಲೋಟ ನೀರಿನ ಮೇಲೂ ಜಗಳವಾಡಬಲ್ಲರು. ಈ ಸಲ ವಿಷಯ ಅನ್ಯಗ್ರಹ ಜೀವಿಗಳು.

ಆ ಬಂಕಿನ ಪಕ್ಕದಲ್ಲಿ ಸರ್ಕಾರದವರು ನಿಲ್ಲಿಸಿದ ಹಸಿರು ಫಲಕವೊಂದಿದೆ. ಯಾವುದೋ ಯುದ್ಧದ ಸ್ಮಾರಕ ಇರಬೇಕು ಅಂದುಕೊಂಡು ನಾನು ಮೊದಲು ಕಾರಿನಿಂದ ಇಳಿಯಲೇ ಇಲ್ಲ. ಮೈದುನ ಮಾತ್ರ ಅದಕ್ಕೋಸ್ಕರವೇ ನಮ್ಮನ್ನು ಅಲ್ಲಿ ನಿಲ್ಲಿಸಿದ್ದ. ಪೆಟ್ರೋಲಿಗಲ್ಲ. ಅತ್ತೆ ಮೂವತ್ತು ವರ್ಷ ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡಿದವರು. ಫಲಕ ಅಂದರೆ ಓದಲೇಬೇಕು. ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದರು. 1961ರ ಸೆಪ್ಟೆಂಬರ್ 19ರ ರಾತ್ರಿ, ಪೋರ್ಟ್ಸ್‌ಮತ್ ಊರಿನ ಬೆಟ್ಟಿ ಮತ್ತು ಬಾರ್ನಿ ಹಿಲ್ ಎಂಬ ದಂಪತಿ ಈ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಗುರುತಿಲ್ಲದ ಹಾರುವ ವಸ್ತುವೊಂದು ಎದುರಾಯಿತು, ಎರಡು ಗಂಟೆಯ ಕಾಲ 'ಕಳೆದುಹೋಯಿತು' ಅಂತ ಇತ್ತು. ಅನ್ಯಗ್ರಹದವರು ಅಪಹರಿಸಿದರು ಅಂತ ಅಮೆರಿಕದಲ್ಲಿ ಎಲ್ಲ ಕಡೆ ಸುದ್ದಿಯಾದ ಮೊದಲ ದೂರು ಇದೇ ಅಂತೆ.

"ಎರಡು ಗಂಟೆ ಕಳೆದುಹೋಗೋದು ಅಂದ್ರೆ ಎಂತದು ಮಾರಾಯ?" ಅಂದರು ಅತ್ತೆ.

ಅಷ್ಟು ಸಾಕಾಯಿತು. ಇಬ್ಬರೂ ಶುರು ಮಾಡಿದರು.

ಮೈದುನ ಕಥೆ ಹೇಳೋದರಲ್ಲಿ ಎತ್ತಿದ ಕೈ, ಅದನ್ನು ಒಪ್ಪಲೇಬೇಕು. ಗಂಡ ಹೆಂಡತಿ ಕೆನಡಾ ಪ್ರವಾಸ ಮುಗಿಸಿ ವಾಪಸ್ ಬರುತ್ತಿದ್ದಾರೆ. ಜೊತೆಗೊಂದು ನಾಯಿ, ಡೆಲ್ಸಿ. ರಾತ್ರಿ ಹತ್ತರ ಹೊತ್ತಿಗೆ ಕೋಲ್‌ಬ್ರೂಕ್‌ನಲ್ಲಿ ಊಟ ಮುಗಿಸಿ ಹೊರಟಿದ್ದಾರೆ. ಆಕಾಶದಲ್ಲಿ ಒಂದು ಬೆಳಕು ಕಾರಿನ ಜೊತೆಗೇ ಬರುತ್ತಿದೆ. ಬಾರ್ನಿ ಕಾರು ನಿಲ್ಲಿಸಿ, ಬೈನಾಕ್ಯುಲರ್ ಹಿಡಿದು, ಹೊಲದೊಳಗೆ ನಡೆದು ಹೋಗುತ್ತಾನೆ. ಕಿಟಕಿಗಳ ಹಿಂದೆ ಯಾರೋ ನಿಂತು ತನ್ನನ್ನೇ ನೋಡುತ್ತಿದ್ದಾರೆ. ಕಿರುಚಿಕೊಂಡು ಓಡಿಬಂದು ಕಾರು ಬಿಡುತ್ತಾನೆ. ಹಿಂದೆ ಡಿಕ್ಕಿಯ ಮೇಲೆ ಬೀಪ್ ಬೀಪ್ ಅಂತ ಸದ್ದು. ಆಮೇಲೆ ಮತ್ತೆ ಅದೇ ಸದ್ದು ಕೇಳಿಸುವಾಗ ಅವರು ಎಷ್ಟೋ ಮೈಲಿ ದಕ್ಷಿಣಕ್ಕೆ ಬಂದಿದ್ದಾರೆ, ನಡುವಿನ ದಾರಿಯ ನೆನಪು ಇಬ್ಬರಿಗೂ ಇಲ್ಲ. ಮನೆ ಮುಟ್ಟಿದಾಗ ಬೆಳಗಿನ ಜಾವ. ಬೆಟ್ಟಿಯ ಬಟ್ಟೆ ಹರಿದಿದೆ. ಬಾರ್ನಿಯ ಬೂಟಿನ ತುದಿ ಸವೆದಿದೆ.

"ಆ ಬಟ್ಟೆ ಇವತ್ತಿಗೂ ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯಲ್ಲಿದೆ ಅಣ್ಣ," ಅಂದ, ಅದೇ ಸಾಕ್ಷಿ ಅನ್ನೋ ಹಾಗೆ.

"ನನ್ನ ಹರಿದ ಪ್ಯಾಂಟೂ ಮನೆಯಲ್ಲಿದೆ," ಅಂದರು ಇವರು.

ನಮ್ಮವರು ಸಾಫ್ಟ್‌ವೇರ್ ಟೆಸ್ಟಿಂಗಿನವರು. ಯಾರ ಅನುಭವ ಕೇಳಿದರೂ ಬಗ್ ಟಿಕೆಟ್ ಕ್ಲೋಸ್ ಮಾಡುವ ಹಾಗೆ, ಅಂದರೆ ಕಾರಣ ಒಂದು ಬರೆದು ದೂರು ಮುಗಿಸಿಬಿಡುವ ಹಾಗೆ ಮಾತಾಡುತ್ತಾರೆ. ಚಿಕ್ಕಂದಿನಲ್ಲಿ ಗದ್ದೆಯಾಚೆ ಕೊಳ್ಳಿದೆವ್ವ ಅಂತ ಊರೆಲ್ಲ ಹೆದರಿದ್ದಾಗ ಒಬ್ಬರೇ ಹೋಗಿ ನೋಡಿದ್ದು, ಅದು ಯಕ್ಷಗಾನ ಮುಗಿಸಿ ಸೂಡಿ ಹಿಡಿದು ಬರುತ್ತಿದ್ದ ನಾಲ್ಕು ಜನ ಆಗಿದ್ದು, ಈ ಕಥೆ ನಾನು ಮದುವೆಯಾದಾಗಿನಿಂದ ಕನಿಷ್ಠ ಇಪ್ಪತ್ತು ಸಲ ಕೇಳಿದ್ದೇನೆ. ಬಂಕಿನ ಮುಂದೆ ಇಪ್ಪತ್ತೊಂದನೆಯದು ಆಯಿತು.

ಆದರೆ ಅವರ ಹತ್ತಿರ ಸರಕಿತ್ತು. ಕಾರಿನ ಜೊತೆ ಬಂದ ಬೆಳಕು ಕ್ಯಾನನ್ ಬೆಟ್ಟದ ತುದಿಯ ದೀಪ ಇರಬಹುದು, ರಸ್ತೆ ತಿರುಗಿದ ಹಾಗೆ ಕಾಣುತ್ತೆ, ಮರೆಯಾಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದವರಿದ್ದಾರೆ. ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಆಕಾಶ ನೋಡಿದರೆ ತಡವಾಗದೆ ಇರುತ್ತಾ? ಮುಖ್ಯವಾಗಿ, ಅಪಹರಣದ ವಿವರ ಆ ರಾತ್ರಿಯದ್ದೇ ಅಲ್ಲ. ಘಟನೆಯಾಗಿ ಹತ್ತು ದಿನದ ಮೇಲೆ ಬೆಟ್ಟಿಗೆ ಐದು ರಾತ್ರಿ ಸಾಲಾಗಿ ಕನಸು ಬಿತ್ತು. ಆ ಹಾರುವ ಹಡಗಿನೊಳಗೆ ಕರೆದುಕೊಂಡು ಹೋದರು, ಪರೀಕ್ಷೆ ಮಾಡಿದರು ಅಂತ. ಅದನ್ನು ಆಕೆ ಬರೆದಿಟ್ಟಳು, ಇನ್ನೊಬ್ಬರಿಗೆ ಹೇಳುವಾಗ ಗಂಡ ಪಕ್ಕದಲ್ಲಿ ಕೂತು ಕೇಳಿಸಿಕೊಂಡ. 1964ರಲ್ಲಿ ಬಾಸ್ಟನ್ನಿನ ಮನೋವೈದ್ಯ ಬೆಂಜಮಿನ್ ಸೈಮನ್ ಇಬ್ಬರನ್ನೂ ಬೇರೆ ಬೇರೆಯಾಗಿ ಹಿಪ್ನಾಟಿಸಂಗೆ ಒಳಪಡಿಸಿದಾಗ ಅದೇ ಕಥೆ ಬಂತು. ಹೆಂಡತಿಯ ಕನಸೇ ಗಂಡನ ನೆನಪಿಗೆ ಇಳಿದಿದೆ ಅನ್ನೋದು ಆ ಡಾಕ್ಟರ ತೀರ್ಮಾನ. ಅದಲ್ಲದೆ ಬಾರ್ನಿ ಹೇಳಿದ ಓರೆಯಾಗಿ ತಲೆಯ ಪಕ್ಕಕ್ಕೂ ಸುತ್ತಿಕೊಂಡ ಕಣ್ಣುಗಳ ಥರದ್ದೇ ಕಣ್ಣಿನ ಒಂದು ಜೀವಿ, ಅವನು ಅದನ್ನು ಹೇಳೋಕೆ 12 ದಿನ ಮುಂಚೆ ಟೀವಿಯಲ್ಲಿ ಬಂದಿತ್ತು.

"ಅವರು ಆ ಕಾರ್ಯಕ್ರಮ ನೋಡಿರಲಿಲ್ಲ ಅಂತ ಬೆಟ್ಟಿನೇ ಹೇಳಿದ್ದಾಳಲ್ಲ," ಅಂದ ಮೈದುನ. ಹಾರ್ವರ್ಡಿನ ಮನೋವೈದ್ಯ ಜಾನ್ ಮ್ಯಾಕ್ ಹೆಸರು ತಂದ. ಪುಲಿಟ್ಜರ್ ಪ್ರಶಸ್ತಿ ಪಡೆದ ದೊಡ್ಡ ಮನುಷ್ಯ, ಇಂಥವರನ್ನು ಕೂರಿಸಿಕೊಂಡು ಮಾತಾಡಿಸಿ ಇವರು ಹುಚ್ಚರಲ್ಲ ಅಂದರು, ಅದಕ್ಕೆ ಯೂನಿವರ್ಸಿಟಿ ಅವರ ಮೇಲೇ ವಿಚಾರಣೆ ಕೂರಿಸಿತು ಅಂತ. "ಹುಚ್ಚರಲ್ಲ ಅಂದ್ರೆ ಅನ್ಯಗ್ರಹದವರು ಬಂದಿದ್ರು ಅಂತಾನಾ?" ಅಂದರು ಇವರು. ದನಿ ಏರಿತು. ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದವನೊಬ್ಬ ತಿರುಗಿ ನೋಡಿದ. ಅವನ ಹಿಂದಿನ ಗೋಡೆಯ ಮೇಲೆ ದೊಡ್ಡ ಕಣ್ಣಿನ ಬೂದು ಜೀವಿಯ ಚಿತ್ರವೂ ಇವರನ್ನೇ ನೋಡುತ್ತಿತ್ತು.

ಆಗಲೇ ಅತ್ತೆ ಕೇಳಿದ್ದು. "ಅದೆಲ್ಲ ಇರ್ಲಿ. ಅವರಿಗೆ ಆಮೇಲೆ ನಿದ್ದೆ ಬಂತಂತಾ?"

ಇಬ್ಬರೂ ಒಂದು ಕ್ಷಣ ಸುಮ್ಮನಾದರು. ಮೈದುನ "ಅಮ್ಮ, ವಿಷಯ ಅದಲ್ಲ" ಅಂದ. ಇವರು "ಬಾ, ಚಳಿ ಆಗ್ತಿದೆ" ಅಂದರು. ಅತ್ತೆ ಮುಚ್ಚಳ ಝಾಡಿಸಿ ಫ್ಲಾಸ್ಕಿಗೆ ಹಾಕಿ ಕಾರು ಹತ್ತಿದರು.

ವಾಪಸ್ ಬರುವಾಗ ಕತ್ತಲೆ. ಮೈದುನ ಸೋಲೊಪ್ಪೋ ಜಾತಿಯವನಲ್ಲ, ಯೂಟ್ಯೂಬಿನಲ್ಲಿ ಸೈಮನ್ ಡಾಕ್ಟರ ಹಿಪ್ನಾಟಿಸಂ ಟೇಪು ಹುಡುಕಿ ಕಾರಿನ ಸ್ಪೀಕರಿಗೆ ಹಾಕಿದ. ಆ ಬಾರ್ನಿಯ ದನಿ! ಮೊದಮೊದಲು ಮೆಲ್ಲಗೆ ಮಾತಾಡುವ ಗಂಡಸು, ಇದ್ದಕ್ಕಿದ್ದ ಹಾಗೆ ಕಿರುಚಿ, ಏದುಸಿರು ಬಿಟ್ಟು ಅಳುತ್ತಾನೆ. ಕಣ್ಣು, ಆ ಕಣ್ಣು ಅಂತಾನೆ. ನಾನು ಎರಡೇ ನಿಮಿಷಕ್ಕೆ ಆಫ್ ಮಾಡಿಸಿದೆ. ಮಗು ಮಲಗಿದೆ ಅನ್ನೋದು ನೆಪ.

ಅವತ್ತು ರಾತ್ರಿ ನಾನೇ ಕೂತು ಓದಿದೆ. ನಮ್ಮನೆಯ ಇಬ್ಬರು ಪಂಡಿತರೂ ಬಿಟ್ಟಿದ್ದು ಒಂದಿತ್ತು. ಬಾರ್ನಿ ಕರಿಯ. ಬೆಟ್ಟಿ ಬಿಳಿಯಳು. ಅವನು ಅಂಚೆ ಇಲಾಖೆಯಲ್ಲಿ, ಅವಳು ಮಕ್ಕಳ ಕಲ್ಯಾಣದ ಸರ್ಕಾರಿ ಕೆಲಸದಲ್ಲಿ. ಕರಿಯರ ಹಕ್ಕಿನ ಹೋರಾಟದಲ್ಲಿ ಇಬ್ಬರೂ ಇದ್ದರು. 1961ರಲ್ಲಿ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇಂಥ ಮದುವೆಯೇ ಅಪರಾಧ, ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 1967ರಲ್ಲಿ. ದಾರಿಯಲ್ಲಿ ಪುಂಡರು ಸಿಕ್ಕರೆ ಅಂತ ಕಾರಿನಲ್ಲಿ ಪಿಸ್ತೂಲು ಇಟ್ಟುಕೊಂಡು ಹೊರಟಿದ್ದ ಮನುಷ್ಯ ಅವನು. ಹಿಪ್ನಾಟಿಸಂನಲ್ಲಿ ಕಿಟಕಿಯ ಹಿಂದಿನ ಮುಖ ಹೇಗಿತ್ತು ಅಂದರೆ ಮೊದಲು ಕೆಂಗೂದಲಿನ ಐರಿಷ್‌ನವನ ಥರ ಅಂದ, ಐರಿಷರು ಸಾಮಾನ್ಯವಾಗಿ ಕರಿಯರನ್ನು ಕಂಡರೆ ಸಿಡುಕುತ್ತಾರೆ ಅಂತಲೂ ಸೇರಿಸಿದ. ಇನ್ನೊಬ್ಬ ನಾಜಿ ಥರ ಇದ್ದ ಅಂದ. ನಡುರಾತ್ರಿ, ಬೆಟ್ಟದ ದಾರಿ, ಪಕ್ಕದಲ್ಲಿ ಬಿಳಿ ಹೆಂಡತಿ, ಹಿಂದೆಯೇ ಬಿಡದೆ ಬರುವ ಒಂದು ಬೆಳಕು. ಅವನ ಜಾಗದಲ್ಲಿ ಕೂತರೆ ಅದು ದೀಪವಾದರೇನು, ಗುರುಗ್ರಹವಾದರೇನು?

ಹೀಗಂದರೆ ನಾನೂ ಟಿಕೆಟ್ ಕ್ಲೋಸ್ ಮಾಡಿದ ಹಾಗೇ ಆಯಿತು ಅಲ್ವಾ. ಅವನ ಭಯಕ್ಕೆ ನಾನೊಂದು ಕಾರಣ ಹುಡುಕಿ ಕೊಟ್ಟೆ ಅಷ್ಟೇ. ಬಾರ್ನಿಗೆ ಅದು ಒಪ್ಪಿಗೆ ಆಗುತ್ತಿತ್ತೋ ಇಲ್ಲವೋ. ಹೊಟ್ಟೆ ಹುಣ್ಣು, ಬಿಪಿ ಅಂತ ನರಳಿ, 1969ರಲ್ಲಿ 46 ವರ್ಷಕ್ಕೇ ಮೆದುಳಿನ ರಕ್ತಸ್ರಾವದಿಂದ ಹೋದ. ಬೆಟ್ಟಿ 2004ರವರೆಗೆ ಇದ್ದಳು. ಕೊನೆಕೊನೆಗೆ ಅವಳಿಗೆ ರಾತ್ರಿ ಹೊರಗೆ ಹೋದಾಗಲೆಲ್ಲ ಹಾರುವ ತಟ್ಟೆ ಕಾಣುತ್ತಿತ್ತಂತೆ, ನಂಬುವವರಿಗೇ ಮುಜುಗರ ಆಗುವಷ್ಟು. ನಮ್ಮವರು ಇದನ್ನು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಓದುತ್ತಾ ಹೋದ ಹಾಗೆ ಇನ್ನೊಂದು ಸಿಕ್ಕಿತು. 2004ರಲ್ಲಿ ಅದೇ ಹಾರ್ವರ್ಡಿನ ರಿಚರ್ಡ್ ಮ್ಯಾಕ್ನಲಿ ಮತ್ತವರ ಜೊತೆಯವರು, ತಮ್ಮನ್ನು ಅನ್ಯಗ್ರಹದವರು ಹೊತ್ತೊಯ್ದರು ಅನ್ನುವ 10 ಜನರನ್ನು ಕೂರಿಸಿ, ಅವರವರ ಕಥೆಯನ್ನೇ ಅವರಿಗೆ ಕೇಳಿಸಿ, ಎದೆಬಡಿತ, ಬೆವರು ಎಲ್ಲ ಅಳೆದರು. ನಿಜವಾಗಿ ಯುದ್ಧದಂಥ ಆಘಾತ ಕಂಡವರ ಮೈ ಹೇಗೆ ನಡುಗುತ್ತೋ ಇವರದೂ ಹಾಗೇ ನಡುಗಿತು. ಅಪಹರಣ ನಡೆದಿದೆ ಅಂತ ಮ್ಯಾಕ್ನಲಿ ಒಪ್ಪಲಿಲ್ಲ. ಇಂಥವರಲ್ಲಿ ತುಂಬಾ ಜನರ ಕಥೆ ಶುರುವಾಗೋದು ನಿದ್ದೆಯ ಪಾರ್ಶ್ವವಾಯುವಿನಿಂದ. ಮೆದುಳು ಎದ್ದಿರುತ್ತೆ, ಮೈ ಇನ್ನೂ ಎದ್ದಿರಲ್ಲ, ಕನಸು ಕಣ್ಣೆದುರಿಗೇ ಮುಂದುವರಿಯುತ್ತೆ. ಕೈಕಾಲು ಆಡಲ್ಲ, ಕೋಣೆಯಲ್ಲಿ ಯಾರೋ ಇದ್ದಾರೆ.

ಇದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಯಾಕೆಂದರೆ ನನಗೆ ಗೊತ್ತು. ಮಗಳಿಗೆ ಎರಡು ತಿಂಗಳಿದ್ದಾಗ. ಬಾಣಂತನಕ್ಕೆ ಬಂದಿದ್ದ ಅಮ್ಮ ವಾಪಸ್ ಹೋಗಿ ಮೂರು ದಿನವಾಗಿತ್ತು. ಬೆಳಗಿನ ಜಾವ ಎಚ್ಚರವಾಯಿತು, ಕಿಟಕಿಯ ಪರದೆ, ಹಾಲಿನ ಬಾಟಲಿ, ಹೀಟರಿನ ಕೆಂಪು ದೀಪ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ತೊಟ್ಟಿಲ ಹತ್ತಿರ ಯಾರೋ ಬಗ್ಗಿ ನಿಂತಿದ್ದರು. ಎದೆಯ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ ಭಾರ. ಕಿರುಚಬೇಕು, ಬಾಯಿ ಬರುತ್ತಿಲ್ಲ. ಪಕ್ಕದಲ್ಲೇ ಇವರು ಗೊರಕೆ ಹೊಡೆಯುತ್ತಿದ್ದಾರೆ. ಅರ್ಧ ನಿಮಿಷವೋ ಅರ್ಧ ಗಂಟೆಯೋ, ಆಮೇಲೆ ಕೈ ಆಡಿತು, ಎದ್ದು ಓಡಿದೆ. ಮಗು ನಿದ್ದೆಯಲ್ಲಿತ್ತು. ನಾನು ಬೆಳಗಾಗುವವರೆಗೆ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದೆ.

ಆರು ವರ್ಷ ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಳಿದ್ದರೆ ಮೊಬೈಲ್ ತೆಗೆದು ಅದಕ್ಕೊಂದು ಹೆಸರು ಹುಡುಕಿ ಕೊಡುತ್ತಿದ್ದರು. ಹೆಸರು ಸರಿಯಾಗೇ ಇರುತ್ತಿತ್ತು. ಮೈದುನನಂಥವರಿಗೆ ಹೇಳಿದ್ದರೆ ಇನ್ನೂ ಕಷ್ಟ, ಕಣ್ಣು ಹೇಗಿತ್ತು ಅತ್ತಿಗೆ, ಎತ್ತರ ಎಷ್ಟಿತ್ತು ಅಂತ ಕೇಳುತ್ತಿದ್ದ, ನಾಲ್ಕನೇ ಸಲ ಹೇಳುವ ಹೊತ್ತಿಗೆ ನನಗೂ ಅದಕ್ಕೆ ಕಣ್ಣು ಮೂಡಿರುತ್ತಿತ್ತು. ಬೆಟ್ಟಿ ಬಾರ್ನಿಗೆ ಸುತ್ತ ಇದ್ದವರೆಲ್ಲ ಈ ಎರಡು ಜಾತಿಯವರೇ ಇರಬೇಕು. ಆ ಸೈಮನ್ ಡಾಕ್ಟರು ಪರವಾಗಿಲ್ಲ ಅನ್ನಿಸಿತು. ಅವರು ಅಪಹರಣ ನಂಬಲಿಲ್ಲ, ಆದರೆ ಇವರಿಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅನ್ನಲಿಲ್ಲ.

ಸೋಮವಾರ ಮೈದುನ ಹೊರಟ ಮೇಲೆ, ಬೀನ್ಸ್ ಬಿಡಿಸುತ್ತಾ ಅತ್ತೆಗೆ ಹೇಳಿಬಿಟ್ಟೆ. ಹೇಳೋಕೆ ಶುರು ಮಾಡಿದಾಗ ಯಾಕೆ ಹೇಳುತ್ತಿದ್ದೇನೆ ಅಂತಲೂ ಗೊತ್ತಿರಲಿಲ್ಲ. ಅವರು ಯಾರು, ಎಂಥದು, ನಿಜವಾ ಅಂತ ಒಂದೂ ಕೇಳಲಿಲ್ಲ. ನಾರು ತೆಗೆಯುತ್ತಲೇ ಇದ್ದರು. "ಆಮೇಲೆ ನಿದ್ದೆ ಬಂತಾ?" ಅಂದರು.

"ಇಲ್ಲ. ತುಂಬಾ ದಿನ ಬರಲಿಲ್ಲ."

"ಬರಲ್ಲ," ಅಂದರು. "ಇವನು ಹುಟ್ಟಿದಾಗ ನಂಗೂ ಆಗಿತ್ತು. ಎದೆ ಮೇಲೆ ಕೂತ ಹಾಗೆ." ಅಷ್ಟೇ. ಮುಂದಕ್ಕೆ ನಾನೂ ಕೇಳಲಿಲ್ಲ. ಬೀನ್ಸಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ನಿನ್ನೆ ರಾತ್ರಿ ಇವರು ದಿಂಬು ಸರಿಮಾಡಲು ಹೋಗಿ "ಅಯ್ಯೋ, ಇದೇನೇ ಇದು!" ಅಂತ ಕೂಗಿದರು. ನನ್ನ ದಿಂಬಿನ ಕೆಳಗೆ ಅತ್ತೆಯ ಅಡಕತ್ತರಿ. ಊರಿನಿಂದ ಸೂಟ್‌ಕೇಸಿನಲ್ಲಿ, ಸೀರೆಯೊಳಗೆ ಸುತ್ತಿ ತಂದಿದ್ದು. ನಾನು ಅಮ್ಮನ್ನೇ ಕೇಳಿ ಅಂದೆ. ಇವರು ಅದನ್ನು ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದರು. ಕಬ್ಬಿಣಕ್ಕೂ ಮೆದುಳಿಗೂ ಏನು ಸಂಬಂಧ ಅಂತ ಇವರು ವಿವರಿಸೋದು ಗೋಡೆಯಾಚೆಯಿಂದ ಕೇಳುತ್ತಿತ್ತು. ನಡುವೆ ಒಂದೇ ಒಂದು ಸಲ ಅತ್ತೆಯ ದನಿ. "ನಿಂಗೆ ಇಟ್ಟಿದ್ದಲ್ಲ ಮಾರಾಯ, ಇದ್ದಲ್ಲೇ ಇಟ್ಟು ಬಾ."

ಇವರು ವಾಪಸ್ ಬಂದು, ಏನೂ ಮಾತಾಡದೆ, ಅದನ್ನು ಇದ್ದಲ್ಲೇ ಇಟ್ಟು ದೀಪ ಆರಿಸಿದರು.