ಏಳು ಗೇರಿಗೆ ಆರು ಕಟಕ್

ಎಂಟು ವರ್ಷ ಮೂಲೆ ಹಿಡಿದಿದ್ದ ಮೌಂಟನ್ ಬೈಕನ್ನು ಕಳೆದ ಭಾನುವಾರ ಹೊರಗೆ ತಂದೆ. ಟೈರಿಗೆ ಗಾಳಿ ತುಂಬಿ, ಚೈನಿಗೆ ಎಣ್ಣೆ ಬಿಟ್ಟು, ಹ್ಯಾಂಡಲಿನ ಬಲಗಡೆಯ ಗೇರ್ ಲಿವರನ್ನು ಹೆಬ್ಬೆರಳಿನಿಂದ ಒತ್ತಿದೆ. ಅದು ಮೆತ್ತಗೆ ಒಳಗೆ ಹೋಯಿತು, ಮೆತ್ತಗೆ ವಾಪಸು ಬಂತು. ಕಟಕ್ ಎನ್ನಲಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಮಿಸುಕಲೂ ಇಲ್ಲ.

ನೋಡಿದ ಗೆಳೆಯ, "ಇದರ ಕಥೆ ಮುಗಿಯಿತು, ಹೊಸದು ಹಾಕಿಸಿಬಿಡು" ಎಂದ. ನನಗೆ ಮನಸ್ಸು ಒಪ್ಪಲಿಲ್ಲ. ಗೇರ್ ಬದಲಿಸುವ ಇಂಥ ಹಳೆಯ ಲಿವರ್ ಜೋಡಣೆಗಳಲ್ಲಿ, ಅಂದರೆ ಶಿಫ್ಟರುಗಳಲ್ಲಿ, ಮುರಿದದ್ದಕ್ಕಿಂತ ಅಂಟಿಕೊಂಡದ್ದೇ ಹೆಚ್ಚು. ಒಳಗೊಂದು ಹಲ್ಲುಚಕ್ರವಿದೆ. ಲಿವರ್ ಒತ್ತಿದಾಗ ಸಣ್ಣದೊಂದು ಕೊಕ್ಕೆ ಅದರ ಹಲ್ಲಿಗೆ ಬಿದ್ದು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಕೇಬಲನ್ನು ಎಳೆಯುತ್ತದೆ. ಕೊಕ್ಕೆಯನ್ನು ಹಲ್ಲಿಗೆ ತಳ್ಳುವ ಸ್ಪ್ರಿಂಗ್ ಬಹಳ ನವಿರು. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸ್ ವರ್ಷಗಳು ಕಳೆದಂತೆ ಮೇಣದಂತೆ ಗಟ್ಟಿಯಾದರೆ ಆ ಸ್ಪ್ರಿಂಗಿನ ಬಲ ಸಾಲುವುದಿಲ್ಲ.

ಮೊದಲು ಕೇಬಲ್ ಬಿಚ್ಚಿದೆ. ಮೇಲಿನ ಮುಚ್ಚಳ ತೆಗೆದೆನೇ ಹೊರತು ಒಳಭಾಗಕ್ಕೆ ಕೈ ಹಾಕಲಿಲ್ಲ. ಅಲ್ಲಿನ ಸ್ಪ್ರಿಂಗೊಂದು ಹಾರಿಹೋದರೆ ಮತ್ತೆ ಕೂರಿಸುವುದು ಮಹಾ ಕಷ್ಟ. ರಿಮ್ಮಿಗೂ ಬ್ರೇಕಿನ ರಬ್ಬರಿಗೂ ತಗಲದಂತೆ ಬಟ್ಟೆ ಸುತ್ತಿ, ಗ್ರೀಸ್ ಕರಗಿಸುವ ದ್ರವವನ್ನು ಸಂದಿಗಳಿಗೆ ಸಿಂಪಡಿಸಿದೆ. ಕಾಲು ಗಂಟೆ ಬಿಟ್ಟು ಲಿವರ್ ಒತ್ತತೊಡಗಿದೆ. ಏನೂ ಇಲ್ಲ. ಮತ್ತೆ ಸಿಂಪಡಿಸಿದೆ, ಮತ್ತೆ ಒತ್ತಿದೆ. ಕಂದು ಬಣ್ಣದ ರಸ ಬಟ್ಟೆಯ ಮೇಲೆ ತೊಟ್ಟಿಕ್ಕತೊಡಗಿತು. ಹೆಬ್ಬೆರಳು ನೋಯುತ್ತಿತ್ತು. ಎಷ್ಟನೆಯ ಸಲವೋ ಲೆಕ್ಕ ತಪ್ಪಿದ ಮೇಲೆ, ಒಳಗೆಲ್ಲೋ ಕೊಕ್ಕೆ ಒಂದೇ ಒಂದು ಹಲ್ಲನ್ನು ಹಿಡಿಯಿತು. ಕಟಕ್! ಮರುಕ್ಷಣವೇ ಜಾರಿತು. ಆ ಒಂದು ಸದ್ದು ಸಾಕಾಗಿತ್ತು, ಕುಳಿತಲ್ಲಿಂದ ಏಳಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಣಿಸಿ ನೋಡಿದೆ: ಆರು ಕಟಕ್. ಏಳು ಗೇರಿಗೆ ಇರಬೇಕಾದದ್ದು ಅಷ್ಟೇ. ಕೇಬಲ್ ಸಡಿಲಿಸುವ ತೋರುಬೆರಳಿನ ಲಿವರೂ ಅಷ್ಟನ್ನೂ ಒಂದೊಂದಾಗಿ ಬಿಟ್ಟುಕೊಟ್ಟಿತು.

ಹೊರಬರುವ ದ್ರವ ತಿಳಿಯಾಗುವವರೆಗೆ ತೊಳೆದು, ಒಣಗಿಸಿ, ತೆಳು ಎಣ್ಣೆಯ ಕೆಲವೇ ಹನಿ ಬಿಟ್ಟೆ. ಇಲ್ಲಿ ಮತ್ತೆ ಗಟ್ಟಿ ಗ್ರೀಸ್ ತುಂಬುವುದು ಅದೇ ಕಾಯಿಲೆಯನ್ನು ಕರೆದು ಕೂರಿಸಿದಂತೆ.

ಹಳೆಯ ಕೇಬಲಿನ ಎಳೆಗಳು ಬಿಡಿಸಿಕೊಂಡಿದ್ದವು, ಹೊಸ 1.2 ಮಿ.ಮೀ. ಕೇಬಲ್ ಹಾಕಿದೆ. ಹೊರಗವಚವನ್ನೂ ಗೇರಿಗೆಂದೇ ಇರುವುದನ್ನು ತಂದಿದ್ದೆ. ಬ್ರೇಕಿನ ಕವಚದಲ್ಲಿ ತಂತಿ ಸುರುಳಿ ಸುತ್ತಿರುತ್ತದೆ, ಎಳೆತಕ್ಕೆ ಕುಗ್ಗುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದುದ್ದ ಸಾಗುತ್ತವೆ, ಕುಗ್ಗುವುದಿಲ್ಲ. ಏಳು ಗೇರಿನ ಹಿಂದಿನ ಹಲ್ಲುಚಕ್ರಗಳಲ್ಲಿ ಒಂದರಿಂದ ಮುಂದಿನದಕ್ಕೆ ಇರುವುದು ಸುಮಾರು 5 ಮಿ.ಮೀ. ಅಂತರ. ಅಷ್ಟರಲ್ಲಿ ಕವಚ ತುಸು ಕುಗ್ಗಿದರೂ ಚೈನು ಎಡವುತ್ತದೆ. ಇನ್ನೂ ಹಳೆಯ ಹೆಬ್ಬೆರಳಿನ ಶಿಫ್ಟರುಗಳಲ್ಲಿ ಈ ಕಟಕ್ ಕೈಕೊಟ್ಟರೆ ಗುಂಡಿ ತಿರುಗಿಸಿ ಬರಿಯ ಘರ್ಷಣೆಯ ಮೇಲೆ ಗೇರ್ ಬದಲಿಸಬಹುದಿತ್ತು. ಆ ಏರ್ಪಾಟನ್ನು ಕೈಬಿಟ್ಟದ್ದು ನನಗೆ ಇಂದಿಗೂ ನಷ್ಟವೆಂದೇ ಅನಿಸುತ್ತದೆ.

ಹಿಂದಿನ ಚಕ್ರವನ್ನೆತ್ತಿ ಪೆಡಲ್ ತಿರುಗಿಸಿದೆ. ದೊಡ್ಡ ಹಲ್ಲುಚಕ್ರಕ್ಕೆ ಏರಲು ಚೈನು ಹಿಂಜರಿಯಿತು. ಕೇಬಲ್ ಬಿಗಿಯಾಗಲೆಂದು ಡಿರೇಲರಿನ ಹೊಂದಾಣಿಕೆ ತಿರುಪನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದೆ, ಆಮೇಲೆ ಇನ್ನೊಂದು ಕಾಲು ಸುತ್ತು. ಸಂಜೆ ಏರುದಾರಿಯಲ್ಲಿ ಹೆಬ್ಬೆರಳು ಒತ್ತಿದಾಗಲೆಲ್ಲ ಚೈನು ತಡವಿಲ್ಲದೆ ಮೇಲೇರಿತು. ಎಡಗಡೆಯ ಶಿಫ್ಟರ್ ಇನ್ನೂ ಅಂಟಿಕೊಂಡೇ ಇದೆ, ಅದು ಮುಂದಿನ ಭಾನುವಾರದ ಕೆಲಸ.